ಡ್ರೈವರ್ ಮುದ್ದಪ್ಪನ ಬಲಗೈ

ಮುದ್ದಪ್ಪ ತೀರಿಹೋದ ಮೇಲೆ ಹೊಸದುರ್ಗದ ದಾರಿಯ ಕೆರೆ ಏರಿಯ ಮೇಲೆ ಬಸ್ಸು ಬಂದಾಗಲೆಲ್ಲ ನನ್ನ ಕಣ್ಣು ಡ್ರೈವರನ ಕೈಗೇ ಹೋಗುತ್ತದೆ. ಈಗಿನವನು ಹುರುಪಿನ ಹುಡುಗ, ಕೈ ಗಟ್ಟಿಯಾಗಿದೆ. ಆದರೂ ಎಡಕ್ಕೆ ನೀರು ಕಂಡ ಕೂಡಲೇ ನಾನು ಕಂಬಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತೇನೆ.

ಚಿತ್ರದುರ್ಗದಿಂದ ಹೊಳಲ್ಕೆರೆ, ಹೊಸದುರ್ಗದ ಮೇಲೆ ಶ್ರೀರಾಂಪುರಕ್ಕೆ ಹೋಗುವ ಖಾಸಗಿ ಬಸ್ಸಿಗೆ ಅವನು ಡ್ರೈವರ್, ನಾನು ಕಂಡಕ್ಟರ್. ಅವನ ಊರು ಮದಕರಿಪುರ. ಹೊರೆ ಹೊತ್ತ ಹೆಂಗಸರು ಎಲ್ಲಿ ಕೈ ತೋರಿಸಿದರೂ ನಿಲ್ಲಿಸುತ್ತಿದ್ದ, ನಿಲ್ಲಿಸಿ ಬೈಯುತ್ತಿದ್ದ. ಬಸ್ಸು ಅವನ ಬಾಯಿಂದಲೇ ಓಡುತ್ತದೆ ಎಂದು ಜನ ನಗುತ್ತಿದ್ದರು. ಎಪ್ಪತ್ನಾಲ್ಕರ ಮಳೆಗಾಲದಲ್ಲಿ ಆ ಬಾಯಿ ಇದ್ದಕ್ಕಿದ್ದಂತೆ ಮುಚ್ಚಿಹೋಯಿತು.

ಕಾರಣ ಗೊತ್ತಾಗಿದ್ದು ಶ್ರೀರಾಂಪುರದ ಚಹಾದಂಗಡಿಯಲ್ಲಿ. ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡ.

‘ಯಾಕಲೇ, ಬಲಗೈ ಏನು ಮುಡಿಪು ಕಟ್ಟೀಯಾ?’ ಎಂದು ಕೇಳಿದೆ.

ಅವನು ನಗಲಿಲ್ಲ. ‘ರೇವಣ್ಣ, ಭುಜ ಏಳಂಗಿಲ್ಲ. ಬೆಳಿಗ್ಗೆ ಎದ್ರೆ ಈ ಕೈ ನಂದಲ್ಲ ಅನ್ನಿಸ್ತೈತೆ. ಪಕ್ಕದಾಗೆ ಬ್ಯಾರೆ ಯಾರೋ ಮಲಗವ್ರೆ ಅನ್ನಂಗೆ. ತಿರುವಿನಾಗೆ ಸ್ಟೇರಿಂಗು ಎಳೆಯೋವಾಗ, ಇದು ಬರ್ತೈತೋ ಇಲ್ವೋ ಅಂತ ಕಾಯ್ತೀನಿ.’

ಆ ಕಾಲದ ಸ್ಟೇರಿಂಗು ಎಂದರೆ ರಾಗಿ ಬೀಸುವ ಕಲ್ಲು ತಿರುಗಿಸಿದಷ್ಟು ಭಾರ. ಆ ಸಂಜೆ ವಾಪಸು ಬರುವಾಗ ನಾನು ಟಿಕೆಟ್ಟು ಹರಿದು ಮುಗಿಸಿ ಮುಂದೆ, ಅವನ ಬಲಭುಜ ಕಾಣುವ ಹಾಗೆ ನಿಂತೆ. ಅವನು ಒಮ್ಮೆ ತಿರುಗಿ ನೋಡಿದ. ನಾನು ಯಾಕೆ ಅಲ್ಲಿ ನಿಂತಿದ್ದೇನೆಂದು ಇಬ್ಬರಿಗೂ ಗೊತ್ತಿತ್ತು.

ಚಿತ್ರದುರ್ಗದ ಕೋಟೆಯ ಕೆಳಗಿನ ಒಂದು ಗರಡಿಮನೆಯಲ್ಲಿ ಗೊಲ್ಲಪ್ಪ ಎಂಬ ಹಳೆಯ ಪೈಲ್ವಾನ ಉಳುಕು, ಹಿಡಿತಗಳಿಗೆ ಎಣ್ಣೆ ತೀಡಿ ಶಾಖ ಕೊಡುತ್ತಿದ್ದ. ನಾದಿನಿಯ ಮದುವೆಯ ನೆಪ ಹೇಳಿ ಮುದ್ದಪ್ಪ ರಜೆ ಹಾಕಿ ಅಲ್ಲಿಗೆ ಹೋದ. ಬೆಚ್ಚಗಿನ ಹರಳೆಣ್ಣೆ ಹಾಕಿ ತೀಡುವುದು, ಲಕ್ಕಿಸೊಪ್ಪು ಕುದಿಯುವ ಹಂಡೆಯ ಮುಂದೆ ಕಂಬಳಿ ಹೊದಿಸಿ ಕೂರಿಸುವುದು, ದಿನವೂ ಇಷ್ಟೇ. ನಾನು ನೋಡಲು ಹೋದ ದಿನ ಅವನು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಹಿಡಿದು ತೋರಿಸಿದ, ಮೊದಲ ಸಲ ಶಾಲೆಗೆ ಸೇರಲು ಬಂದ ಮಗುವಿನ ಹಾಗೆ.

‘ಸೇರಿಸ್ಕಳ್ರಿ ಮೇಷ್ಟ್ರೇ, ಕಿವಿ ಸಿಗ್ತು!’

ಗೊಲ್ಲಪ್ಪನಿಗೆ ನಗು ಬರಲಿಲ್ಲ. ‘ಇಲ್ಲಿ ನಾನು ಮಾಡಿದ್ದು ಅರ್ಧ ಕಣಪ್ಪ. ಮನೇಲಿ ಉಳಿಸ್ಕಳಾದು ಇನ್ನರ್ಧ. ದಿನಾ ಸಂಜೆ ಎಣ್ಣೆ, ಶಾಖ. ತಣ್ಣೀರು ತಾಕಿಸ್ಬ್ಯಾಡ. ಇಲ್ಲಿ ಎಷ್ಟು ದಿನ ತೀಡಿಸ್ಕಂಡ್ಯೋ, ಮನೇಲೂ ಅಷ್ಟು ದಿನ ಈ ಕೈಗೆ ಕೆಲಸ ಇಲ್ಲ.’

ಮುದ್ದಪ್ಪ ಎಲ್ಲಕ್ಕೂ ತಲೆಯಾಡಿಸಿದ. ಕೊನೆಯ ಮಾತು ಅವನಿಂದ ಆಗುವಂಥದ್ದಾಗಿರಲಿಲ್ಲ. ಇನ್ನೂ ರಜೆ ಎಂದರೆ ಮಾಲೀಕರು ಆ ಸೀಟಿಗೆ ಬೇರೆಯವನನ್ನು ಕೂರಿಸುತ್ತಿದ್ದರು. ಮರುದಿನವೇ ಬಸ್ಸಿಗೆ ಬಂದ.

ವಿಶ್ರಾಂತಿಯ ಕೊರತೆಯನ್ನು ಎಣ್ಣೆಯಿಂದ ತುಂಬಲು ಹೊರಟ. ಸಂಜೆ ಒಂದು ಸಲ ಹಚ್ಚುವುದನ್ನು ಬೆಳಿಗ್ಗೆಯೂ ಹಚ್ಚಿಸಿಕೊಂಡ. ಹೆಂಡತಿ ಹೊನ್ನಕ್ಕ ಕಡಲೆಹಿಟ್ಟು, ಬಿಸಿನೀರು ತಂದಿಟ್ಟರೆ ಕೈ ಒಡ್ಡಲಿಲ್ಲ.

‘ತೊಳೆದ್ರೆ ಗುಣಾನೂ ತೊಳ್ಕಂಡು ಹೋಗ್ತೈತೆ. ಗರಡಿಯಾಗೆ ಪೈಲ್ವಾನ್ರು ತೀಡಿಸ್ಕಂಡು ಹಂಗೇ ಮನೆಗೆ ಹೋಗ್ತಾರೆ, ನಾನೇ ನೋಡೀನಿ’ ಎಂದನಂತೆ. ಎಣ್ಣೆ ಕೈಗೆ ಎಕ್ಕದ ಎಲೆ ಸುತ್ತಿ, ಮೇಲೆ ಖಾಕಿ ಅಂಗಿ ತೊಟ್ಟು ಬರುತ್ತಿದ್ದ.

ಬಸ್ಸಿನ ತುಂಬ ಹರಳೆಣ್ಣೆ ವಾಸನೆ. ಹೊಳಲ್ಕೆರೆಯಲ್ಲಿ ಬದನೆಕಾಯಿ ಬುಟ್ಟಿಯೊಂದಿಗೆ ಹತ್ತುವ ಈರಕ್ಕ ಮೂಗು ಮುಚ್ಚಿಕೊಂಡಳು.

‘ಏನಪ್ಪ ಮುದ್ದಪ್ಪ, ಬಾಣಂತಿ ಆಗೀಯೇನು? ಎಷ್ಟನೇ ಹೆರಿಗೆ?’

‘ನೀನೇ ಸೂಲಗಿತ್ತಿ, ನೀನೇ ಹೇಳವ್ವ. ಕುಂತ್ಕ ಈಗ.’

ಬಸ್ಸೆಲ್ಲ ನಕ್ಕಿತು. ಅವನ ಬಾಯಿ ಮರಳಿ ಬಂತೆಂದು ನನಗೂ ಜೀವ ಬಂದಂತಾಯಿತು.

ಅವತ್ತು ಮಳೆ ಬಿಟ್ಟು ಬಿಸಿಲು ಚುರುಗುಟ್ಟುತ್ತಿತ್ತು. ಹೊಸದುರ್ಗದ ದಾರಿಯಲ್ಲಿ ಒಂದು ಕೆರೆ ಏರಿಯ ಮೇಲೆಯೇ ರಸ್ತೆ. ಎಡಕ್ಕೆ ತುಂಬಿದ ಕೆರೆ, ಬಲಕ್ಕೆ ಆಳದಲ್ಲಿ ಗದ್ದೆ, ನಡುವೆ ತೂಬಿನ ಹತ್ತಿರ ಬಲಕ್ಕೊಂದು ತಿರುವು. ಬೆವರಿಗೆ ಎಣ್ಣೆ ಕರಗಿ, ತೋಳಿನಿಂದ ಇಳಿದು, ಅವನ ಅಂಗೈ ತುಂಬಿದ್ದು ನನಗೆ ಕಂಡಿತು. ಸ್ಟೇರಿಂಗಿನ ಮೇಲೆ ಹೊಳಪು. ಅದೇನೆಂದು ನಾನು ತಿಳಿಯುವಷ್ಟರಲ್ಲಿ ತಿರುವು ಬಂತು. ಅವನು ಎಳೆದ. ಭುಜ ಚೆನ್ನಾಗಿಯೇ ಎಳೆಯಿತು, ಕೈ ಮಾತ್ರ ಜಾರಿತು. ಸ್ಟೇರಿಂಗು ಅರ್ಧ ತಿರುಗಿ ನೆಟ್ಟಗೆ ಮರಳಿತು. ಗಾಜಿನ ತುಂಬ ನೀರೇ ನೀರು. ನಾನು ಹಾರಿ ಸ್ಟೇರಿಂಗು ಹಿಡಿದೆ, ನನ್ನ ಕೈಯೂ ಜಾರಿತು. ಅವನು ‘ಅವ್ವಾ’ ಎಂದು ಬ್ರೇಕಿನ ಮೇಲೆ ಎದ್ದು ನಿಂತ. ಮುಂದಿನ ಗಾಲಿ ಅಂಚಿನ ಕಲ್ಲು ಹತ್ತಿ ನಿಂತಿತು.

ಈರಕ್ಕನ ಬದನೆಕಾಯಿ ಉರುಳುವ ಸದ್ದು ಮಾತ್ರ ಕೇಳಿಸುತ್ತಿತ್ತು. ಬಾಗಿಲು ಎಡಕ್ಕೆ, ಅಂದರೆ ಕೆರೆಯ ಕಡೆಗೆ. ಒಬ್ಬೊಬ್ಬರನ್ನೇ ಹಿಂದಿನ ಕಿಟಕಿಯಿಂದ ಇಳಿಸಿದೆವು. ಕೊನೆಗೆ ಇಳಿದ ಮುದ್ದಪ್ಪ ಏರಿಯ ಮೇಲೆ ಕುಳಿತು, ಬಲ ಅಂಗೈಯನ್ನು ಹುಲ್ಲಿಗೆ ತಿಕ್ಕುತ್ತಲೇ ಇದ್ದ. ಈರಕ್ಕ ಹತ್ತಿರ ಹೋಗಿ ತನ್ನ ಸೆರಗಿನಿಂದ ಆ ಕೈ ಒರೆಸಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲವೇನೋ.

ಮುದ್ದಪ್ಪ ಬಸ್ಸಿನ ಬೀಗದ ಕೈಯನ್ನು ನನ್ನ ಕೈಗೆ ಹಾಕಿ, ‘ಮಾಲೀಕ್ರಿಗೆ ಎಲ್ಲಾ ನಾನೇ ಹೇಳ್ತೀನಿ, ಹೋಗಾಣ’ ಎಂದ. ಹೇಳಿದ. ಅವರು ಕೂಗಾಡಿದರು. ಕೊನೆಗೆ, ‘ಕೈ ನೆಟ್ಟಗಾದ್ಮೇಲೆ ಬಾ. ಜಾಗ ಇದ್ರೆ ನೋಡಾಣ’ ಎಂದರು.

ಗೊಲ್ಲಪ್ಪ ಕೇಳಿ ಹಣೆ ಚಚ್ಚಿಕೊಂಡ. ‘ಲೇ, ಪೈಲ್ವಾನ್ರು ಎಣ್ಣೆ ಮ್ಯಾಲೆ ಗರಡಿ ಮಣ್ಣು ತಿಕ್ಕಿ ಹೊಳ್ಳಾಡ್ತಾರಲ್ಲ, ಅದನ್ನ ನೋಡ್ಲಿಲ್ವಾ? ಮಿಕ್ಕಿದ ಎಣ್ಣೆನ ಮಣ್ಣು ಕುಡಿತೈತೆ. ಗುಣ ಒಳಗೆ ಹೋಗಿರ್ತೈತೆ, ಮ್ಯಾಲಿರಾದು ಬರೀ ಜಿಡ್ಡು.’

ಆಮೇಲೆ ಅವನು ಹೇಳಿದಷ್ಟೂ ದಿನ ಮುದ್ದಪ್ಪ ಮನೆಯಲ್ಲಿದ್ದ. ದೀಪ ಹಚ್ಚುವ ಹೊತ್ತಿಗೆ ಹೊನ್ನಕ್ಕ ಎಣ್ಣೆ ತೀಡಿ, ಸೊಪ್ಪಿನ ಗಂಟು ಕಾಯಿಸಿ ಶಾಖ ಕೊಟ್ಟು, ಕಡಲೆಹಿಟ್ಟು ಹಚ್ಚಿ ಬಿಸಿನೀರಲ್ಲಿ ತೊಳೆಯುತ್ತಿದ್ದಳು. ಕೊಡವನ್ನೂ ಎತ್ತಲು ಬಿಡಲಿಲ್ಲ. ಜಾಗ ಹೋಗುತ್ತದೆಂಬ ಭಯ ಒಂದು ಕಡೆ, ಅದು ಉಳಿದು ಮತ್ತೆ ಅದೇ ಏರಿಯ ಮೇಲೆ ಓಡಿಸಬೇಕಾದರೆ ಎಂಬ ಭಯ ಇನ್ನೊಂದು ಕಡೆ. ಯಾವುದು ದೊಡ್ಡದೆಂದು ಅವನಿಗೇ ತಿಳಿಯುತ್ತಿರಲಿಲ್ಲ.

ಜಾಗ ಉಳಿದಿತ್ತು. ಮರಳಿ ಬಂದಾಗ ಸೀಟಿನ ಕೆಳಗೆ ಒಂದು ಡಬ್ಬಿ ಇಟ್ಟ. ಕೆರೆ ಏರಿ ಬರುವ ಮೊದಲು ಬಸ್ಸು ನಿಲ್ಲಿಸಿ, ಅದರಲ್ಲಿದ್ದ ಗರಡಿಯ ಕೆಂಪು ಮಣ್ಣನ್ನು ಅಂಗೈಗೆ ತಿಕ್ಕಿಕೊಳ್ಳುತ್ತಿದ್ದ. ‘ಯಾರ ಮ್ಯಾಲಪ್ಪ ಕುಸ್ತಿ?’ ಎಂದು ಜನ ಕೂಗುತ್ತಿದ್ದರು. ಅವನು ನನಗೊಬ್ಬನಿಗೇ ಹೇಳಿದ್ದು ಬೇರೆ: ‘ಕೈ ಸರಿ ಹೋಯ್ತು ರೇವಣ್ಣ. ಹೆದ್ರಿಕೆ ಹೋಗ್ಲಿಲ್ಲ. ಗೊಲ್ಲಪ್ಪಂಗೆ ಅದನ್ನ ತೀಡಾಕೆ ಬರಂಗಿಲ್ಲಂತೆ.’ ಹಾಗೆಯೇ ವರ್ಷಗಳ ಕಾಲ ಓಡಿಸಿದ. ಒಬ್ಬರ ಮೈಯೂ ತರಚಲಿಲ್ಲ.

ಈ ಬೇಸಿಗೆಯಲ್ಲಿ ಕಾಮಾಲೆ ಅವನನ್ನು ಒಯ್ದಿತು. ಮದಕರಿಪುರದ ಹೊಲದಲ್ಲಿ ಗುಂಡಿ ತೋಡಿದ್ದರು. ಮೈ ತೊಳೆದ ಮೇಲೆ ಹೊನ್ನಕ್ಕ ಎದ್ದು ಬಂದು, ‘ರೇವಣ್ಣ, ಡಬ್ಬಿ ಬಸ್ಸಿನಾಗೈತಾ?’ ಎಂದಳು. ನಾನು ತಂದುಕೊಟ್ಟೆ. ಅವಳು ಅವನ ಬಲಗೈಯನ್ನು ಸೆರಗಿನಿಂದ ಒರೆಸಿ, ಬೆರಳುಗಳ ನಡುವೆಯೂ ಬಿಡದೆ ಮಣ್ಣು ತಿಕ್ಕಿದಳು. ಆಮೇಲೆ ಅಂಗೈಯ ಮೇಲೆ ತನ್ನ ಹೆಬ್ಬೆರಳು ಒತ್ತಿ, ಜಾರುತ್ತದೇನೋ ಎಂದು ನೋಡಿದಳು.