ಸೀಕ್ರೆಟ್ ಕೆಂಪವ್ವ

ನಾಗನೂರಿನ ಕೆಂಪವ್ವನಿಗೆ ಇಂಗ್ಲಿಷಿನ ಒಂದೇ ಒಂದು ಶಬ್ದ ಬರುತ್ತಿತ್ತು. ಅದನ್ನು ಆಕೆ ಕಲಿತದ್ದು ಮೂವತ್ತು ದಾಟಿದ ಮೇಲೆ, ೧೯೫೨ರಲ್ಲಿ, ದೇಶದ ಮೊದಲ ಚುನಾವಣೆಯ ದಿನ. ಅದಕ್ಕಿಂತ ಮುಂಚೆಯೂ ಆಕೆಯ ಬದುಕಿನಲ್ಲಿ ಮುಚ್ಚಿಡುವ ಸಂಗತಿಗಳು ಬೇಕಾದಷ್ಟಿದ್ದವು. ಗಂಡ ಉದ್ದಪ್ಪ ಕುಡಿದು ಬಂದದ್ದನ್ನು ಅತ್ತೆಯಿಂದ ಮುಚ್ಚಿಡಬೇಕು. ಮೈಯಲ್ಲಿ ಜ್ವರವಿದ್ದರೆ ಹೊಲದ ಒಡೆಯರಿಂದ ಮುಚ್ಚಿಡಬೇಕು. ಒಲೆ ಹೊತ್ತಿಸದ ದಿನ ನೆಂಟರು ಬಂದರೆ ಅದನ್ನೂ ಮುಚ್ಚಿಡಬೇಕು. ಯಾವುದನ್ನು ಮುಚ್ಚಿಟ್ಟರೂ ಅದರ ಹಿಂದೆ ಅಂಜಿಕೆ ಇದ್ದೇ ಇರುತ್ತಿತ್ತು.

ಉದ್ದಪ್ಪ, ಕೆಂಪವ್ವ ಇಬ್ಬರೂ ದುಡಿಯುತ್ತಿದ್ದದ್ದು ದುಂಡಪ್ಪ ಗೌಡರ ಹೊಲದಲ್ಲಿ. ಚುನಾವಣೆ ಹತ್ತಿರ ಬಂದಾಗ ಗೌಡರು ತಮ್ಮ ಗಂಡಾಳುಗಳನ್ನೆಲ್ಲ ಮನೆಯ ಮುಂದೆ ಕರೆಸಿ, ದೇವರ ಅರಿಸಿನ ಭಂಡಾರ ಮುಟ್ಟಿಸಿ, ತಾವು ಹೇಳಿದ ಪೆಟ್ಟಿಗೆಗೇ ಓಟು ಹಾಕುವುದಾಗಿ ಆಣೆ ಮಾಡಿಸಿದರು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇರುತ್ತಿತ್ತು. ಹೆಂಗಸರ ಪರವಾಗಿಯೂ ಗಂಡಸರೇ ಆಣೆ ಮಾಡಿದರು. ಗೌಡರು ಕೆಟ್ಟವರಲ್ಲ. ಕೇರಿಯಲ್ಲಿ ಹೆರಿಗೆ ಕಷ್ಟವಾದರೆ ಚಕ್ಕಡಿ ಹೂಡಿಸಿ ಗೋಕಾಕದ ದವಾಖಾನೆಗೆ ಕಳಿಸುತ್ತಿದ್ದರು. ಆದರೆ ತಮ್ಮ ಹೊಲದಲ್ಲಿ ದುಡಿಯುವವರ ಮನಸ್ಸೂ ತಮ್ಮದೇ ಎಂದು ಅವರು ಯಾವ ಸಂಶಯವೂ ಇಲ್ಲದೆ ನಂಬಿದ್ದರು.

ಓಟು ನಡೆದದ್ದು ಸಾಲೆಯಲ್ಲಿ. ಆ ಕಟ್ಟಡದ ಹೊಸ್ತಿಲನ್ನು ಕೆಂಪವ್ವ ದಾಟಿದ್ದು ಅದೇ ಮೊದಲು. ಹೆಂಗಸರ ಸಾಲಿನಲ್ಲಿ ಆಕೆಯ ಹಿಂದೆ ಗೌಡರ ಹೆಂಡತಿ ಶಿವಗಂಗವ್ವ ನಿಂತಿದ್ದರು. ಕೆಂಪವ್ವ ಪಕ್ಕಕ್ಕೆ ಸರಿದು ದಾರಿ ಬಿಡಲು ಹೋದಾಗ, ಅಲ್ಲಿ ಕೆಲಸಕ್ಕೆ ಬಂದಿದ್ದ ಹುಕ್ಕೇರಿಯ ಸೋಮಪ್ಪ ಮಾಸ್ತರರು ತಡೆದರು.

"ನಿನ್ನ ಪಾಳಿ ಐತವ್ವ, ನೀನ ಬಾ."

ಬೆರಳಿಗೆ ಮಸಿ ಹಚ್ಚಿ, ಕೈಯಲ್ಲಿ ಚೀಟಿ ಕೊಟ್ಟು, ಮಾಸ್ತರರು ಪರದೆಯತ್ತ ತೋರಿಸಿದರು. "ಒಳಗ ಪೆಟ್ಟಿಗಿ ಅದಾವು. ಮ್ಯಾಲೆ ಚಿತ್ರ ಅದಾವು. ನಿನಗ ಬೇಕಾದ್ದಕ್ಕ ಹಾಕು. ಯಾರಿಗೂ ಹೇಳಬೇಕಂತಿಲ್ಲ. ಸೀಕ್ರೆಟ್ ಐತಿ."

"ಹಂಗಂದ್ರೇನ್ರಿ?"

ಮಾಸ್ತರರು ತುಸು ತಡವರಿಸಿದರು. "ಹಂಗಂದ್ರ... ಗುಟ್ಟು."

ಕೆಂಪವ್ವ ಚೀಟಿ ಹಿಡಿದು ಅಲ್ಲೇ ನಿಂತಳು. "ಗುಟ್ಟು ಮಾಡಾಕ ನಾ ಏನ್ ತಪ್ಪು ಮಾಡಾಕತ್ತೇನ್ರಿ?"

ಮಾಸ್ತರರು ನಗಲಿಲ್ಲ. ಸಾಲು ಬೆಳೆಯುತ್ತಿದ್ದರೂ ಯೋಚಿಸಿ ಹೇಳಿದರು. "ತಪ್ಪಿನ ಗುಟ್ಟಲ್ಲವ್ವ ಇದು. ಇದು ನಿನ್ನ ಸ್ವಂತದ್ದು. ಬೇಕಾದ್ರ ಹೇಳು, ಬ್ಯಾಡಾದ್ರ ಬಿಡು. ಹೇಳಲೇಬೇಕು ಅನ್ನಾಕ ಯಾರಿಗೂ ಅಧಿಕಾರ ಇಲ್ಲ. ನಿನ್ನ ಗಂಡಗೂ ಇಲ್ಲ, ಕಲೆಕ್ಟರ್ ಸಾಹೇಬ್ರಿಗೂ ಇಲ್ಲ."

ಪರದೆಯ ಹಿಂದೆ ಕೆಂಪವ್ವ ಬಹಳ ಹೊತ್ತು ನಿಂತಳೆಂದು ಆಮೇಲೆ ಎಲ್ಲರೂ ಹೇಳಿದರು. ಆಕೆಯ ಮನೆ ಒಂದೇ ಕೋಣೆಯದು. ಬಾವಿಯಲ್ಲಿ ಹತ್ತು ಜನ, ಹೊಲದಲ್ಲಿ ಇಪ್ಪತ್ತು ಜನ. ಯಾರ ಕಣ್ಣೂ ಬೀಳದ ಜಾಗದಲ್ಲಿ, ನಿನಗೇನು ಬೇಕು ಎಂದು ತನ್ನನ್ನೇ ತಾನು ಕೇಳಿಕೊಂಡು ಆಕೆ ನಿಂತದ್ದು ಅದೇ ಮೊದಲು. ಚೀಟಿ ಹಾಕಿ ಹೊರಗೆ ಬಂದು ಬೆರಳಿನ ಮಸಿಯನ್ನು ನೋಡಿಕೊಂಡಳು.

ಊರ ಹೊರಗೆ ಚಕ್ಕಡಿಯ ಹತ್ತಿರ ಗೌಡರ ಆಳು ಮಾಯಪ್ಪ ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದ. ಎಲ್ಲರೂ "ಗೌಡ್ರ ಪೆಟ್ಟಿಗಿಗೇ" ಎಂದರು. ಕೆಂಪವ್ವನ ಪಾಳಿ ಬಂತು.

"ಅದು ಸೀಕ್ರೆಟ್ ಐತಿ," ಎಂದಳು.

ಮಾಯಪ್ಪನಿಗೆ ಅರ್ಥವಾಗಲಿಲ್ಲ. ಅರ್ಥವಾಗದ ಮಾತನ್ನು ಅವನು ಹಾಗೆಯೇ ಹೊತ್ತೊಯ್ದು ಗೌಡರಿಗೆ ಮುಟ್ಟಿಸಿದ. ಮರುದಿನ ಗೌಡರು ಕೆಂಪವ್ವನನ್ನು ಕರೆಸಿದರು. ಸಿಟ್ಟಿಗಿಂತ ಹೆಚ್ಚಾಗಿ ಅವರಿಗೆ ಅಚ್ಚರಿಯಾಗಿತ್ತು.

"ನಾ ಹೇಳಿದ್ದಕ್ಕ ಹಾಕಿದ್ರ ಹೂಂ ಅನ್ನಾಕ ಏನ್ ತ್ರಾಸು ನಿನಗ?"

"ಹಾಕಿದ್ರೂ ಹಾಕಿರಬಹುದ್ರಿ, ಯಪ್ಪಾ. ಆದ್ರ ಹೇಳೂದಿಲ್ಲ."

"ಅಂದ್ರ ನನ್ನ ಮ್ಯಾಲ ನಂಬಿಕಿ ಇಲ್ಲ?"

"ನಿಮ್ಮ ಮ್ಯಾಲ ನಂಬಿಕಿ ಐತ್ರಿ. ಇದು ಮಾತ್ರ ನಂದ್ರಿ."

ಗೌಡರು ಎದ್ದು ಒಳಗೆ ಹೋದರು. ಆ ಸುಗ್ಗಿಗೆ ಕೆಂಪವ್ವನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಉದ್ದಪ್ಪ ಮನೆಯಲ್ಲಿ ಕೂಗಾಡಿದ. ಒಂದು ಹೂಂ ಅಂದಿದ್ದರೆ ಮುಗಿಯುತ್ತಿತ್ತು, ಒಂದು ಸುಳ್ಳಿಗೆ ಏನು ದಂಡ ಬೀಳುತ್ತದೆ ಎಂದು ಕೇಳಿದ.  ಕೆಂಪವ್ವ ನಸುಕಿನಲ್ಲಿ ಎದ್ದು ಅರಭಾವಿಯ ಕಡೆಗೆ ನಡೆದು, ಗುರುತಿಲ್ಲದವರ ಹೊಲದಲ್ಲಿ ಜೋಳ ಕೊಯ್ದು ಬರುತ್ತಿದ್ದಳು. ಕಾಲು ಬಾತವು. ಕೆಲವು ಸಂಜೆ, ಹೋಗಿ ಹೇಳಿಬಿಡಲೇ ಎಂದು ಆಕೆಗೂ ಅನಿಸಿತು. ಗೌಡರ ಮನೆಯ ಓಣಿಯ ತನಕ ಒಮ್ಮೆ ಹೋದಳು ಕೂಡ. ಅಲ್ಲಿಂದ ತಿರುಗಿ ಬಂದಳು.

ಒಂದು ದಿನ ಹಳ್ಳದ ದಾರಿಯಲ್ಲಿ ಶಿವಗಂಗವ್ವ ಎದುರಾದರು. ಕೆಂಪವ್ವ ತಲೆ ತಗ್ಗಿಸಿ ದಾಟಲು ನೋಡಿದಳು. ಶಿವಗಂಗವ್ವ ನಿಂತರು.

"ಅಲ್ಲ, ಕೆಂಪವ್ವ, ಪರದೆ ಹಿಂದ ಅಷ್ಟೊತ್ತು ನಿಂತಿದ್ದೆಲ್ಲ, ಅಂಜಿಕಿ ಆಗಲಿಲ್ಲೇನು?"

"ಆತ್ರಿ, ಅವ್ವಾರ. ಆಮ್ಯಾಲೆ ಚಲೋ ಅನಿಸ್ತು."

ಶಿವಗಂಗವ್ವ ಸೆರಗು ಸರಿಮಾಡಿಕೊಂಡರು. "ನನಗೂ ಹಂಗ ಅನಿಸ್ತು. ಆದ್ರ ನನ್ನ ಯಾರೂ ಕೇಳಲೇ ಇಲ್ಲ ನೋಡು. ಗೌಡ್ರ ಹೆಂಡತಿಗೆ ಕೇಳೂದೇನೈತಿ ಅಂತ ತಿಳಕೊಂಡಾರ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕದ್ದು ಶಿವಗಂಗವ್ವ. ಯಾರು ಯಾವ ಪೆಟ್ಟಿಗೆಗೆ ಹಾಕಿದರೆಂದು ಇಬ್ಬರೂ ಕೇಳಲಿಲ್ಲ. ಅದಾದ ವಾರದಲ್ಲೇ ಮಾಯಪ್ಪ ಕೆಂಪವ್ವನ ಬಾಗಿಲಿಗೆ ಬಂದ. "ಹತ್ತಿ ಬಿಡಸಾಕ ಬಾ ಅಂದಾರ. ನೀ ಇಲ್ಲದ ಹತ್ತಿ ಹಸನ ಬರವಲ್ದು ಅಂತ ಅವ್ವಾರು ಗೌಡ್ರಿಗೆ ದಿನಾ ಹೇಳಾಕತ್ತಾರ," ಎಂದ. ಕೆಂಪವ್ವ ಹೋದಳು. ಗೌಡರು ಬಹಳ ದಿನ ಆಕೆಯೊಡನೆ ನೇರವಾಗಿ ಮಾತಾಡಲಿಲ್ಲ. ಕೂಲಿ ಮಾತ್ರ ಎಲ್ಲರಿಗೂ ಕೊಟ್ಟಂತೆಯೇ ಕೊಟ್ಟರು.

ಊರು ಆಕೆಗೆ ಸೀಕ್ರೆಟ್ ಕೆಂಪವ್ವ ಎಂದು ಹೆಸರಿಟ್ಟಿತು. ಮೊದಮೊದಲು ಅದು ಚೇಷ್ಟೆ. ಆದರೆ ಮುಂದಿನ ಚುನಾವಣೆಯ ಹೊತ್ತಿಗೆ ಕೇರಿಯ ಹೆಂಗಸರೆಲ್ಲ ಆ ಶಬ್ದ ಕಲಿತಿದ್ದರು. ಮಾಯಪ್ಪ ಕೇಳಿದಾಗ ಉದ್ದವ್ವ, ಕರೆವ್ವ, ಹನಮವ್ವ ಎಲ್ಲರದೂ ಒಂದೇ ಉತ್ತರ. ಅವನು ಟವೆಲಿನಿಂದ ಮುಖ ಒರೆಸಿಕೊಂಡು, "ನನ್ನ ಹೆಂಡ್ತೀನೂ ಅದನ್ನ ಅಂತಾಳ," ಎಂದು ಚಕ್ಕಡಿ ಹೊಡೆದುಕೊಂಡು ಹೋದ. ಆಮೇಲೆ ಗೌಡರು ಮಾಯಪ್ಪನಿಂದ ಕೇಳಿಸುವುದನ್ನೇ ಬಿಟ್ಟರು.

ಆದರೆ ಶಬ್ದಗಳು ಎಲ್ಲರ ಬಾಯಲ್ಲೂ ಒಂದೇ ಅರ್ಥದಲ್ಲಿ ಇರುವುದಿಲ್ಲ. ೧೯೬೦ರ ಬೇಸಿಗೆಯಲ್ಲಿ ಕೆಂಪವ್ವ ಮೂಡಲಗಿಗೆ ಹೋದಳು. ತಮ್ಮನ ಮಗಳು ಗುಡ್ಡವ್ವನನ್ನು ಅಲ್ಲಿಗೆ ಮದುವೆ ಮಾಡಿಕೊಟ್ಟಿದ್ದರು. ನೀರು ಕೊಡಲು ಬಂದ ಹುಡುಗಿಯ ಸೆರಗು ಜಾರಿದಾಗ ತೋಳಿನ ಮೇಲೆ ಬಾಸುಂಡೆ ಕಂಡವು. ಗುಡ್ಡವ್ವ ತಟ್ಟನೆ ಮುಚ್ಚಿಕೊಂಡಳು.

"ಅತ್ತಿ, ಯಾರಿಗೂ ಹೇಳಬ್ಯಾಡ. ಸೀಕ್ರೆಟ್."

 ಕೆಂಪವ್ವ ತಾನೇ ಕಲಿಸಿದ ಮಾತು ಅದು. ಆಕೆ ನೀರಿನ ತಂಬಿಗೆಯನ್ನು ಕೆಳಗಿಟ್ಟು ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ಇದನ್ನ ಮುಚ್ಚಿಡೂದು ನಿನಗ ಬೇಕಾಗೇತೋ, ಹೊಡದಾವಗ ಬೇಕಾಗೇತೋ?"

ಗುಡ್ಡವ್ವ ಅಳತೊಡಗಿದಳು.

"ನಿನಗ ಬೇಕಾದ್ದು ನಿಂದು. ಅವಗ ಬೇಕಾದ್ದನ್ನ ನೀ ಯಾಕ ಹೊರತಿ? ಇದಕ್ಕ ಸೀಕ್ರೆಟ್ ಅನ್ನೂದಿಲ್ಲ, ಮಗಳ. ಅಂಜಿಕಿ ಅಂತಾರ."

ಆ ಸಂಜೆಯೇ, ಗುಡ್ಡವ್ವ ಹೂಂ ಅಂದ ಮೇಲೆ, ಕೆಂಪವ್ವ ಬೀಗರ ಮನೆಯ ಕಟ್ಟೆಯ ಮೇಲೆ ಕುಳಿತು, ಓಣಿಯ ಹಿರಿಯರನ್ನು ಕರೆಸಿ, ಎಲ್ಲರೆದುರು ಆ ತೋಳನ್ನು ತೋರಿಸಿದಳು. ಬೀಗರು ಮರ್ಯಾದೆಯ ಮಾತೆತ್ತಿದರು. ಕೆಂಪವ್ವ ದನಿ ಏರಿಸಲಿಲ್ಲ, ಜಾಗವನ್ನೂ ಬಿಡಲಿಲ್ಲ. ಕೊನೆಗೆ ಗುಡ್ಡವ್ವ ತಾನೇ ಬಾಯಿ ಬಿಟ್ಟು, "ನಾ ಇಲ್ಲಿ ಇರೂದಿಲ್ಲ," ಎಂದಳು. ಮರುದಿನ ಇಬ್ಬರೂ ನಾಗನೂರಿನ ಹಾದಿ ಹಿಡಿದರು. ಮನೆಯಲ್ಲಿ ಬೈಗುಳ ಕಾದಿದೆ ಎಂದುಕೊಂಡಿದ್ದ ಕೆಂಪವ್ವನಿಗೆ ಆಶ್ಚರ್ಯವಾಯಿತು. ಉದ್ದಪ್ಪ ಏನೂ ಕೇಳದೆ ಅಂಗಳದಲ್ಲಿ ಗುಡ್ಡವ್ವನಿಗೆ ಮಲಗಲು ಇನ್ನೊಂದು ಹೊರಸು ಹಾಕಿದ.

ಎರಡು ವರ್ಷದ ಮೇಲೆ ಹಿರಿಯರು ಮೊದಲ ಸಂಬಂಧ ಬಿಡಿಸಿದರು. ದಡ್ಡಿ ಊರಿನ ಭೀಮರಾಯನೆಂಬ, ಮನೆ ಕಟ್ಟುವ ಗೌಂಡಿಯ ಕಡೆಯಿಂದ ಉಡಿಕಿಗೆ, ಅಂದರೆ ಮರುಮದುವೆಗೆ, ಮಾತು ಬಂದಾಗ ಕೆಂಪವ್ವ ಮೊದಲು ಗುಡ್ಡವ್ವನನ್ನು ಕೇಳಿದಳು. ಹುಡುಗಿ ಯೋಚಿಸಲು ಎಂಟು ದಿನ ತೆಗೆದುಕೊಂಡಳು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಒಂದು ಮುಂಜಾನೆ ರೊಟ್ಟಿ ಬಡಿಯುತ್ತಾ, ಬೆನ್ನು ತಿರುಗಿಸಿಕೊಂಡೇ, ಆಗಲಿ ಎಂದಳು.

ಮುಂದಿನ ದೀಪಾವಳಿಗೆ ಕೆಂಪವ್ವ ದಡ್ಡಿಗೆ ಹೋದಳು. ಭೀಮರಾಯ ಹೊಸದಾಗಿ ಕಟ್ಟಿದ ಗೋಡೆಗೆ ಇನ್ನೂ ಸುಣ್ಣ ಹಚ್ಚಿರಲಿಲ್ಲ. ಗುಡ್ಡವ್ವ ಹೊಳೆಯಿಂದ ನೀರು ತಂದು ಕೊಡ ಇಳಿಸಿದಳು. ತೋಳಿನ ತನಕ ಹಸಿರು ಬಳೆ ತೊಟ್ಟಿದ್ದಳು. "ಅತ್ತಿ, ನಾಕು ದಿನ ಇದ್ದು ಹೋಗು," ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಕೆಂಪವ್ವ ಹತ್ತು ದಿನ ಇದ್ದಳು.