ಹತ್ತು ನಿಮಿಷ ಮುಂದಿದ್ದ ಗಡಿಯಾರ

ಅವಳ ಪ್ರಯೋಗಾಲಯದ ಗೋಡೆ ಗಡಿಯಾರ ಹತ್ತು ನಿಮಿಷ ಮುಂದೆ ಓಡುತ್ತಿತ್ತು. ಕೆಟ್ಟು ಹೋಗಿ ಅಲ್ಲ, ಅವಳೇ ಕುರ್ಚಿ ಹತ್ತಿ ಮುಳ್ಳು ತಿರುಗಿಸಿ ಇಟ್ಟದ್ದು. ಅದಕ್ಕೇ ಇಡೀ ಕಟ್ಟಡ ಅವಳನ್ನು ‘ಹತ್ತು ನಿಮಿಷದ ಮೇಡಂ’ ಎಂದು ಕರೆಯುತ್ತಿತ್ತು. ಎದುರಿಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಹಿಂದಿನಿಂದ ಕರೆಯುವುದು ಅವಳಿಗೆ ಗೊತ್ತಿಲ್ಲದೆಯೂ ಇರಲಿಲ್ಲ.

ಗಡಿಯಾರದ ಕಥೆಗೆ ಮೊದಲು ತಮ್ಮನ ಕಥೆ ಹೇಳಬೇಕು. ಆಗ ಅವಳಿಗೆ ಇಪ್ಪತ್ತೆರಡು, ಅವನಿಗೆ ಹತ್ತೊಂಬತ್ತು. ಅವನಿಗೆ ಜ್ವರ ಬಂತು. ಎರಡನೆಯ ದಿನ ಏನೇನೋ ಬಡಬಡಿಸಿದ, ಮೂರನೆಯ ದಿನ ಅಮ್ಮನನ್ನೇ ‘ನೀವು ಯಾರು’ ಎಂದ. ಪರೀಕ್ಷೆಯ ಹೆದರಿಕೆಗೆ ತಲೆ ಕೆಟ್ಟಿದೆ ಎಂದು ವೈದ್ಯರು ನಿದ್ದೆಯ ಮಾತ್ರೆ ಬರೆದರು. ಸುಡುಗಾಡು ಪರೀಕ್ಷೆ! ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ಎಲ್ಲೋ ಲಕ್ಷಕ್ಕೊಬ್ಬರಲ್ಲಿ ಮಿದುಳಿಗೆ ಏರುತ್ತದೆ. ಏರಿದೆ ಎಂದು ಗೊತ್ತಾಗುವಷ್ಟರಲ್ಲಿ ಆರು ದಿನ ಕಳೆದಿತ್ತು. ಔಷಧಿ ಇರಲಿಲ್ಲವೇ? ಇತ್ತು. ಅದೇ ಆಸ್ಪತ್ರೆಯ ಕಪಾಟಿನಲ್ಲೇ ಇತ್ತು. ಇದನ್ನು ಅವಳು ಯಾವತ್ತೂ ಕ್ಷಮಿಸಲಿಲ್ಲ.

ತಮ್ಮ ಬದುಕಿದ. ಆದರೆ ಅಂದಿನಿಂದ ಹೊಸದೇನೂ ಅವನ ತಲೆಯಲ್ಲಿ ನಿಲ್ಲುವುದಿಲ್ಲ. ಹಳೆಯದೆಲ್ಲ ಇದೆ, ಅಕ್ಕನ ಗುರುತಿದೆ. ‘ಅಕ್ಕಾ, ನಿನ್ನ ಕೂದಲು ಯಾಕೆ ನೆರೆದಿದೆ?’ ಎಂದು ದಿನಕ್ಕೆ ನಾಲ್ಕು ಸಲ ಕೇಳುತ್ತಾನೆ, ನಾಲ್ಕು ಸಲವೂ ಬೆಚ್ಚಿಬಿದ್ದು ಕೇಳುತ್ತಾನೆ. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಅವಳೇ ನೋಡಿಕೊಂಡಳು. ಮದುವೆಯ ಮಾತು ಬಂದಾಗ “ತಮ್ಮನೂ ಜೊತೆಗೆ ಬರ್ತಾನೆ” ಎಂದಳು, ಮಾತು ಅಲ್ಲಿಗೇ ನಿಂತಿತು.

ಪ್ರಯೋಗಾಲಯದಲ್ಲಿ ಅವಳ ಮೊದಲ ಹನ್ನೆರಡು ವರ್ಷ ಹರ್ಪಿಸ್ ಕೊಲ್ಲುವ ಹೊಸ ಔಷಧಿಯ ಹಿಂದೆ ಹೋದವು. ಕೊನೆಗೆ ಒಂದು ಬಿಳಿ ಪುಡಿ ಕೈಗೆ ಬಂತು. ಅದು ಸೋಂಕು ತಗುಲಿದ ಜೀವಕೋಶದೊಳಕ್ಕೆ ಹೋಗುತ್ತಿತ್ತು. ಅಲ್ಲಿ ವೈರಸ್ಸಿನ ಕಿಣ್ವ ಅದಕ್ಕೊಂದು ಬಾಲ ಅಂಟಿಸುತ್ತಿತ್ತು, ಬಾಲ ಅಂಟಿದ ಮೇಲೆ ಹೊರಗೆ ಬರಲಾರದೆ ಅಲ್ಲೇ ಕೂರುತ್ತಿತ್ತು. ಕೂರುತ್ತಿತ್ತು, ಅಷ್ಟೇ. ವೈರಸ್ಸನ್ನು ಕೊಲ್ಲುತ್ತಿರಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದರು ಎಂದು ಸಹೋದ್ಯೋಗಿಗಳು ನಕ್ಕರು. ಅವಳಿಗೆ ಒಂದು ವಾರ ಊಟ ಸೇರಲಿಲ್ಲ. ಎಂಟನೆಯ ದಿನ ಬುದ್ಧಿ ಹೊಳೆಯಿತು. ಕೊಲ್ಲದಿದ್ದರೆ ಬೇಡ, ತೋರಿಸಲಿ! ಆ ಪುಡಿಗೆ ವಿಕಿರಣ ಸೂಸುವ ಫ್ಲೋರಿನ್ ಸೇರಿಸಿ ರಕ್ತಕ್ಕೆ ಬಿಟ್ಟರೆ, ವೈರಸ್ ಇರುವ ಕಡೆ ಮಾತ್ರ ಉಳಿದುಕೊಳ್ಳುತ್ತದೆ. ಮೈಯೊಳಗಿನ ವಿಕಿರಣವನ್ನು ಹಿಡಿಯುವ ಪೆಟ್ ಸ್ಕ್ಯಾನರಿನ ಚಿತ್ರದಲ್ಲಿ ಆ ಜಾಗ ಬೆಳಗುತ್ತದೆ. ಜ್ವರದ ಮೊದಲ ದಿನವೇ ತಲೆಯೊಳಗಿನ ಕಳ್ಳ ಸಿಕ್ಕಿಬೀಳುತ್ತಾನೆ. ಇನ್ನೊಬ್ಬರ ತಮ್ಮ ಆರು ದಿನ ಕಾಯಬೇಕಿಲ್ಲ. ಬದುಕಿನಲ್ಲಿ ಅವಳಿಗೆ ಬೇಕಾಗಿದ್ದದ್ದು ಇದೊಂದೇ.

ಆ ಫ್ಲೋರಿನ್ ಅಲ್ಪಾಯುಷಿ. ನೂರ ಹತ್ತು ನಿಮಿಷಕ್ಕೆ ಅರ್ಧ ಸತ್ತಿರುತ್ತದೆ. ನೆಲಮಾಳಿಗೆಯಲ್ಲಿ ತಯಾರಿಸಿ, ಎಷ್ಟು ಜೀವ ಇದೆ ಎಂದು ಅಳೆದು, ವೇಳೆ ಬರೆದು, ಸೀಸದ ಡಬ್ಬಿಯಲ್ಲಿಟ್ಟು, ಉದ್ದದ ಕಾರಿಡಾರು ದಾಟಿ ಸ್ಕ್ಯಾನರ್ ಕೋಣೆಗೆ ಓಡಬೇಕು. ಮನುಷ್ಯರಿಗೆ ಕೊಡುವ ಮುಂಚೆ ಮೊಲಗಳ ಮೇಲೆ ಪರೀಕ್ಷಿಸಬೇಕಿತ್ತು, ಆ ಮೊಲಗಳಿಗೆ ಸ್ಕ್ಯಾನರ್ ಸಿಗುತ್ತಿದ್ದದ್ದು ರೋಗಿಗಳ ನಡುವಿನ ಒಂದಿಷ್ಟು ಬಿಡುವಿನಲ್ಲಿ. ತಡವಾದರೆ ಅಲ್ಲಿಯವರು “ನಾಳೆ ಬನ್ನಿ ಮೇಡಂ” ಎನ್ನುತ್ತಿದ್ದರು. ಎರಡು ಸಲ ಹಾಗೆ ಅನ್ನಿಸಿಕೊಂಡ ಮೇಲೆ ಅವಳು ಕುರ್ಚಿ ಹತ್ತಿದಳು, ಗಡಿಯಾರ ಮುಂದೆ ಹೋಯಿತು. ಅಳತೆಯ ವೇಳೆ ಬರೆಯುವಾಗ ಮಾತ್ರ ಹತ್ತು ನಿಮಿಷ ಕಳೆದು ಬರೆಯಬೇಕು. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಬಾಯಿಂದ ಬಾಯಿಗೆ ಬಂದದ್ದು. ಆ ಬಾಯಿಗಳೆಲ್ಲ ಒಂದೊಂದಾಗಿ ನಿವೃತ್ತಿಯಾದವು.

ಹೀಗೆ ಇಪ್ಪತ್ತು ವರ್ಷ. ಅವಳ ನಿವೃತ್ತಿಗೆ ಏಳು ತಿಂಗಳಿದ್ದಾಗ, ಮೊದಲ ಸಲ ಮನುಷ್ಯರ ಮೇಲೆ ಪ್ರಯೋಗಿಸಲು ಅನುಮತಿ ಕೊಡುವ ಸಮಿತಿ ಸೇರುವುದೆಂದಾಯಿತು. ಅದಕ್ಕೆ ವಾರ ಮುಂಚೆ, ಎರಡು ವರ್ಷದ ಹಿಂದೆ ಸೇರಿದ್ದ ತಂತ್ರಜ್ಞೆ ಅಪರೂಪಕ್ಕೆ ಕೈಗಡಿಯಾರ ಕಟ್ಟಿಕೊಂಡು ಬಂದಳು. ಆ ಕೋಣೆಯೊಳಗೆ ಫೋನು ತರುವಂತಿರಲಿಲ್ಲ.

“ಮೇಡಂ, ಈ ಗಡಿಯಾರ ಮುಂದಿದೆ ಅನ್ಸುತ್ತೆ.”

“ಇದೆಯಲ್ಲ. ಹತ್ತು ಕಳೆದು ತಾನೇ ನೀನು ಬರೀತಿರೋದು?”

“ಕಳೀಬೇಕು ಅಂತ ನಂಗ್ಯಾರೂ ಹೇಳಿಲ್ವಲ್ಲ ಮೇಡಂ.”

ಹೇಳಬೇಕಾಗಿದ್ದವಳು ಅವಳೇ. ಹೇಳಿರಲಿಲ್ಲ.

ಮೂರು ದಿನ ಕೂತು ಆ ಎರಡು ವರ್ಷದ ಅರವತ್ತೊಂದು ಮೊಲಗಳ ಅಂಕಿಗಳನ್ನು ಮತ್ತೆ ತೆಗೆದಳು. ಸ್ಕ್ಯಾನರ್ ಕೋಣೆಯ ಗಡಿಯಾರ ಸರಿಯಿತ್ತು, ತನ್ನದು ಮುಂದಿತ್ತು. ಹಾಗಾಗಿ ನಡುವಿನ ಹತ್ತು ನಿಮಿಷದ ಸವೆತ ಲೆಕ್ಕಕ್ಕೆ ಬಾರದೆ, ಮದ್ದು ಚುಚ್ಚುವ ಹೊತ್ತಿಗೆ ಎಷ್ಟು ಜೀವ ಉಳಿದಿತ್ತೋ ಅದಕ್ಕಿಂತ ಹೆಚ್ಚು ಎಂದು ಎಣಿಸಲಾಗಿತ್ತು. ನಿಜಕ್ಕೂ ಅಷ್ಟು ಬೆಳಕು ಬಂದದ್ದು ಕಡಿಮೆ ಮದ್ದಿನಿಂದ. ತಿದ್ದಿದಾಗ ಮದ್ದಿನ ಪಾಲಿಗೆ ಚಿತ್ರದ ಬೆಳಕು ನೂರಕ್ಕೆ ಆರರಷ್ಟು ಹೆಚ್ಚೇ ಆಯಿತು. ಅಂದರೆ ತಪ್ಪು ಅವಳನ್ನೇ ಕುಗ್ಗಿಸಿತ್ತು, ನಿಜ ಇನ್ನೂ ಚೆನ್ನಾಗಿತ್ತು.

ಸಂಸ್ಥೆಯ ನಿರ್ದೇಶಕನ ಬಳಿ ಹೋಗಿ ಹೇಳಿದಳು. ಅವನು ಒಂದು ಕಾಲದ ಅವಳ ಶಿಷ್ಯ. ಪಿಪೆಟ್ ಹಿಡಿಯುವುದನ್ನು ಕಲಿಸಿದವಳೇ ಅವಳು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಾನೆಂದು ಎಲ್ಲರೂ ಅವನಿಗೆ ‘ಬೆಣ್ಣೆ’ ಎಂದೇ ಹೆಸರಿಟ್ಟಿದ್ದರು.

“ಕೂತ್ಕೊಳ್ಳಿ ಮೇಡಂ. ಇದನ್ನ ಇನ್ಯಾರಿಗೆ ಹೇಳಿದೀರಿ?”

“ನಿನಗೇ ಮೊದಲು.”

“ಹಾಗಾದ್ರೆ ಇಲ್ಲಿಗೇ ಬಿಟ್ಬಿಡಿ. ಫಲಿತಾಂಶ ಏನೂ ಕೆಡಲ್ಲ ತಾನೇ?”

“ಕೆಡಲ್ಲ. ಆದ್ರೆ ಬರೆದಿರೋ ಅಂಕಿ ಸುಳ್ಳು ಕಣಪ್ಪಾ. ನಾಳೆ ಮನುಷ್ಯರಿಗೆ ಎಷ್ಟು ಚುಚ್ಚಬೇಕು ಅನ್ನೋದು ಅದರ ಮೇಲೇ ನಿಂತಿದೆ. ಸಮಿತಿಗೆ ಹೇಳ್ಲೇಬೇಕು.”

“ನಿಮ್ಮಿಷ್ಟ ಮೇಡಂ. ನೀವು ದೊಡ್ಡವರು.”

ಸತ್ಯಕ್ಕೆ ಸಾವಿಲ್ಲ ಎನ್ನುತ್ತಾರೆ. ಹೇಳಿದವರ ಗತಿ ಏನು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಸಮಿತಿಯ ಹಿರಿಯರೊಬ್ಬರು, ತಿದ್ದಿದ ಅಂಕಿಗಳನ್ನು ಬರೆದು ಅವಳು ಕೊಟ್ಟ ಪತ್ರವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ತಪ್ಪು ತಿದ್ದಿದ್ರೆ ಲಾಭ ನಿಮಗೇ ಆಗುತ್ತೆ. ಇದನ್ನ ನಾವು ಹೇಗಮ್ಮ ನಂಬೋದು?” ಎಂದರು. ಒಲ್ಲದ ಗಂಡನಿಗೆ ಮೊಸರಿನಲ್ಲೂ ಕಲ್ಲು. ಅವಳು ಪಕ್ಕದಲ್ಲಿ ಕೂತಿದ್ದ ಬೆಣ್ಣೆಯ ಕಡೆ ನೋಡಿದಳು. ಅವನು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ. ಮೊಲಗಳ ಪ್ರಯೋಗ ಎಲ್ಲವನ್ನೂ ಹೊಸದಾಗಿ ಮಾಡಿ ತನ್ನಿ ಎಂದಾಯಿತು. ಅದಕ್ಕೆ ಎರಡು ವರ್ಷ ಬೇಕು. ಎರಡು ವರ್ಷ ಮುಂದುವರಿಸಿ ಎಂದು ಅರ್ಜಿ ಕೊಟ್ಟಳು. “ನಿಯಮ ಇಲ್ಲ ಮೇಡಂ, ನನ್ ಕೈಯಲ್ಲಿದ್ರೆ ಮಾಡ್ತಿರ್ಲಿಲ್ವಾ?” ಎಂದು ಬೆಣ್ಣೆ ನಿಜವಾಗಿಯೂ ಕಣ್ಣೊರೆಸಿಕೊಂಡ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಿವೃತ್ತಿಯ ದಿನ ಅವಳು ಕುರ್ಚಿ ಹತ್ತಿ ಗಡಿಯಾರವನ್ನು ಸರಿಯಾದ ವೇಳೆಗೆ ತಿರುಗಿಸಿ ಇಳಿದಳು.

ಎರಡು ವರ್ಷವಾದ ಮೇಲೆ ಆ ತಂತ್ರಜ್ಞೆ ಮನೆಗೆ ಬಂದಳು. ಕೈಯಲ್ಲಿ ವಿಜ್ಞಾನ ಪತ್ರಿಕೆಯೊಂದರ ಪ್ರಬಂಧವಿತ್ತು, ಮುಖ ಸಪ್ಪಗಿತ್ತು.

“ಮೇಡಂ, ಮೊಲಗಳನ್ನ ನಿರ್ದೇಶಕರು ಮತ್ತೆ ಮುಟ್ಟಲೇ ಇಲ್ಲ. ನಿಮ್ ಪತ್ರದ ಅಂಕಿನೇ ಹಾಕಿ ಹೊಸ ಅರ್ಜಿ ಕೊಟ್ರು. ಈ ಸಲ ಸಮಿತಿ ಒಂದು ಮಾತೂ ಕೇಳ್ಲಿಲ್ಲ.”

ಪ್ರಬಂಧ ಬರೆದವರ ಹೆಸರುಗಳು ಹನ್ನೊಂದಿದ್ದವು. ಮೊದಲನೆಯದು ಬೆಣ್ಣೆಯದು. ಅವಳದು ಇರಲಿಲ್ಲ. ಕೊನೆಯ ಪುಟದ ಅಡಿಯಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಹಿಂದಿನ ಸಂಶೋಧಕಿಯ ಗಡಿಯಾರದ ದೋಷದಿಂದಾದ ತಪ್ಪನ್ನು ಸರಿಪಡಿಸಿಕೊಳ್ಳಲಾಗಿದೆ. ಮೂವತ್ತೆರಡು ವರ್ಷದ ದುಡಿಮೆಯಲ್ಲಿ ಅವಳ ಪಾಲಿಗೆ ಉಳಿದದ್ದು ಆ ಹತ್ತು ನಿಮಿಷ. ಹೊಟ್ಟೆ ಉರಿಯಿತು. ಉರಿಯದೆ ಇರುತ್ತದೆಯೇ?

ತಂತ್ರಜ್ಞೆ ಹೋದ ಮೇಲೆ ತಮ್ಮ ಆ ಹಾಳೆಗಳನ್ನು ಎತ್ತಿಕೊಂಡ. ಐವತ್ತೇಳು ವರ್ಷದ ಬೋಳು ತಲೆಯ ತಮ್ಮ.

“ಅಕ್ಕಾ, ಇದೇನಿದು? ತಲೆಯೊಳಗೆ ದೀಪ ಇಟ್ಟ ಹಾಗಿದೆ.”

“ಒಬ್ಬ ಹುಡುಗಿ ಕಣೋ. ನಿನ್ನ ಹಾಗೇ ಹತ್ತೊಂಬತ್ತು ವರ್ಷ. ಜ್ವರ ಬಂತು. ಎರಡನೇ ದಿನವೇ ಈ ಚಿತ್ರ ತೆಗೆದು ಗೊತ್ತು ಮಾಡ್ಕೊಂಡು ಔಷಧಿ ಕೊಟ್ರು.”

“ಬದುಕಿದ್ಲಾ?”

“ಬದುಕಿದ್ಲು. ಮತ್ತೆ ಕಾಲೇಜಿಗೆ ಹೋಗ್ತಿದ್ದಾಳೆ. ಎಲ್ಲಾ ನೆನಪಿದೆಯಂತೆ.”

“ಇದನ್ನ ಕಂಡುಹಿಡಿದಿದ್ದು ಯಾರು?”

ಈ ಮಾತನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

“ನಾನು ಕಣೋ.”

ಅವನು ಕೂತಲ್ಲಿಂದ ಎದ್ದು ನಿಂತ. ಮುಖವೆಲ್ಲ ನಗು. ಅವಳ ಎರಡೂ ಕೈ ಹಿಡಿದು ಜೋರಾಗಿ ಅಲ್ಲಾಡಿಸಿದ.

“ನಂಗೊತ್ತಿತ್ತು! ನೀನೇ ಅಂತ ನಂಗೊತ್ತಿತ್ತು! ತಡಿ, ನಾಳೆ ಎಲ್ಲರಿಗೂ ಹೇಳ್ತೀನಿ. ಬೀದಿಯಲ್ಲಿ ಒಬ್ಬರನ್ನೂ ಬಿಡಲ್ಲ.”

“ಹೇಳು ಮಾರಾಯ,” ಎಂದಳು.

ಅವಳು ಒಳಗೆ ಹೋಗಿ ಟೀ ಮಾಡಿಕೊಂಡು ಬಂದಳು. ಅವನು ಕಿಟಕಿಯ ಬಳಿ ಕೂತಿದ್ದ, ಹಾಳೆಗಳು ನೆಲದ ಮೇಲಿದ್ದವು. ಲೋಟ ತೆಗೆದುಕೊಳ್ಳಲು ತಲೆಯೆತ್ತಿದವನು ಅವಳನ್ನು ನೋಡಿ ಬೆಚ್ಚಿಬಿದ್ದ.

“ಅಕ್ಕಾ, ನಿನ್ನ ಕೂದಲು ಯಾಕೆ ನೆರೆದಿದೆ?”