ವಿಳಾಸ ಓದಿಸುವ ಗಂಗೋತ್ರಿ

ಬೆಳಗಿನ ಐದೂವರೆ. ಕುರುಗೋಡು ಬಸ್ ನಿಲ್ದಾಣದ ಪಕ್ಕದ ಓಣಿಯಲ್ಲಿ ಗಂಗೋತ್ರಿ ತಮ್ಮ ಆನ್‌ಲೈನ್ ಸೆಂಟರಿನ ಶಟರ್ ಎತ್ತುತ್ತಾರೆ. ಹೊಸ್ತಿಲಿಗೆ ನೀರು ಹಾಕಿ, ಊದಿನಕಡ್ಡಿ ಹಚ್ಚಿ, ಎರಡು ಕಂಪ್ಯೂಟರು ಚಾಲೂ ಮಾಡುತ್ತಾರೆ. ಹತ್ತು ಗಂಟೆ ದಾಟಿದರೆ ಸರ್ವರ್ ತೆವಳುತ್ತದೆ. ಹೊಲಕ್ಕೆ, ಕೂಲಿಗೆ ಹೋಗುವವರ ಕೆಲಸ ಅಷ್ಟರೊಳಗೆ ಮುಗಿಯಬೇಕು. ಇವತ್ತು ಮೊದಲು ಬಂದವರು ರೈತ ಕರಿಬಸವ. ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಬೆಳೆವಿಮೆಯ ಲಿಂಕ್ ತೋರಿಸುತ್ತಾರೆ.

“ಇದನ್ನ ಒತ್ತಿ ಆಧಾರ್ ನಂಬರ್ ಹಾಕಿಬಿಡವ್ವ. ನೀರು ಕಟ್ಟಾಕ ಹೋಗಬೇಕು.”

ಗಂಗೋತ್ರಿ ಒತ್ತುವುದಿಲ್ಲ. “ಮ್ಯಾಲಿನ ಸಾಲು ಓದ್ರಿ ಕಾಕಾ.”

“ಎಚ್, ಟಿ, ಟಿ, ಪಿ... ಎಸ್.” ಕರಿಬಸವ ಬೆರಳಿಟ್ಟು ಓದುತ್ತಾರೆ. “ಹಂಗಂದ್ರೇನವ್ವ?”

“ಮೊದಲಿನ ನಾಲ್ಕಕ್ಷರ ಅಂದ್ರ ನಮ್ಮ ಕಂಪ್ಯೂಟರು, ಆಕಡಿ ಕಂಪ್ಯೂಟರು ಮಾತಾಡ್ಕೊಳ್ಳೋ ರೀತಿ. ಎಸ್ ಅಂದ್ರ ಸುರಕ್ಷಿತ. ನಾವು ಬರೆದದ್ದನ್ನ ದಾರ್ಯಾಗ ಯಾರೂ ಓದಾಕ ಆಗಂಗಿಲ್ಲ. ಆದ್ರ ಅದು ಹೋಗಿ ಮುಟ್ಟೋ ಮನಿ ಕಳ್ಳರದ್ದೂ ಇರಬಹುದು. ಎಸ್ ಇಲ್ಲಂದ್ರ ಏನೂ ಬರೀಬ್ಯಾಡ್ರಿ. ಇದ್ರ, ಮುಂದಿನ ಹೆಸರೂ ಓದ್ರಿ.”

ಮುಂದಿನ ಹೆಸರಿನಲ್ಲಿ ಒಂದಕ್ಷರ ಹೆಚ್ಚಿದೆ. ಗಂಗೋತ್ರಿ ಆ ಪುಟ ಮುಚ್ಚಿ ಅಸಲಿ ತಾಣವನ್ನು ತೆರೆಯುತ್ತಾರೆ. ದಿನಕ್ಕೆ ನಲವತ್ತು ಮಂದಿ ಬಂದರೆ ಮೂರು ನಾಲ್ಕು ಜನರ ಕೈಯಲ್ಲಿ ಇಂಥ ಲಿಂಕ್ ಇರುತ್ತದೆ. ಎಲ್ಲರಿಂದಲೂ ಓದಿಸುತ್ತಾರೆ. ಅವಸರದವರು ಗೊಣಗಿಕೊಂಡು ಎದುರಿನ ಅಂಗಡಿಗೆ ಹೋಗುವುದೂ ಉಂಟು.

ಈ ಪಾಠವನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. ಗಂಗೋತ್ರಿಗೆ ರೈಲು ಓಡಿಸುವ ಆಸೆಯಿತ್ತು. ಬಳ್ಳಾರಿ ಸ್ಟೇಶನ್ ಹಿಂದೆ ಸೋದರಮಾವನ ಮನೆ. ರಜೆಗೆ ಹೋದಾಗಲೆಲ್ಲ ಕಾಂಪೌಂಡಿನ ಮೇಲೆ ಕೂತು ಅದಿರಿನ ವ್ಯಾಗನ್ ಎಣಿಸುತ್ತಿದ್ದರು. ಹಟ ಹಿಡಿದು ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದರು. ಏಳು ವರ್ಷದ ಹಿಂದೆ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಅರ್ಜಿ ಕರೆದಾಗ ಗೆಳತಿ ಕಳಿಸಿದ ಲಿಂಕಿನಲ್ಲಿ ತಾವೇ ಕೂತು ತುಂಬಿದರು. ಹಾಲ್ ಟಿಕೆಟ್ಟೂ ಬಂತು.

“ಎಸ್ ಇತ್ರಿ, ಆ ಸಾಲಿನ ಮುಂದ ಬೀಗದ ಗುರ್ತೂ ಇತ್ತು. ಅದಕ್ಕ ನಂಬಿದೆ. ಬಳ್ಳಾರ್ಯಾಗ ಪರೀಕ್ಷಾ ಕೇಂದ್ರದೋರು ಮೂರು ಸಲ ಪಟ್ಟಿ ನೋಡಿದ್ರು. ನನ್ನ ಹೆಸರಿಲ್ಲ. ಲಿಂಕ್ ನಕಲಿ ಇತ್ತು. ಒಳಗ ಹೋದೋರು ಹೊರಗ ಬರೋತನಕ ಬೇವಿನ ಗಿಡದ ಕೆಳಗ ಕುಂತಿದ್ದೆ. ಮನಿಗೆ ಬಂದು ಅವ್ವಗ, ಪೇಪರ್ ಸುಲಭ ಇತ್ತಂದೆ.”

ಆ ಸುಳ್ಳನ್ನು ಅವರು ಒಂದು ತಿಂಗಳು ನಡೆಸಿದರು. ಆಮೇಲೆ ಈ ಸೆಂಟರ್ ತೆರೆದರು. ಮತ್ತೆ ಅರ್ಜಿ ಕರೆಯುವಷ್ಟರಲ್ಲಿ ವಯಸ್ಸು ಮೀರಿತ್ತು.

ಹಾಗೆ ಮತ್ತೆ ಕರೆದ ವರ್ಷವೇ ಸಿರಿಗೇರಿಯ ಹಂಪಯ್ಯ ಮಗಳು ಅಂಜಿನಿಯನ್ನು ಬೈಕಿನಲ್ಲಿ ಕರೆತಂದರು. ಸಿರುಗುಪ್ಪದಲ್ಲಿ ಐಟಿಐ ಓದಿದ ಹುಡುಗಿ. ಬೇಕಿದ್ದದ್ದು ಅದೇ ಹುದ್ದೆ, ಫೋನಿನಲ್ಲಿದ್ದದ್ದು ಅಂಥದ್ದೇ ನಕಲಿ ಲಿಂಕ್. “ನಾಳೆನ ಕೊನೀ ದಿನ, ಜಲ್ದಿ ಹಾಕವ್ವ” ಎಂದು ಹಂಪಯ್ಯ ಅವಸರ ಮಾಡಿದರು.

“ತಡೀರಿ ಅಣ್ಣಾ, ಅಂಜಿನೀನ ಓದ್ಲಿ” ಎಂದರು ಗಂಗೋತ್ರಿ. ಹುಡುಗಿ ಅಕ್ಷರಕ್ಷರ ಓದಿ, ಅರ್ಧಕ್ಕೆ ನಿಂತು, “ಅಕ್ಕಾ, ಇದು ಸರ್ಕಾರದ್ದಲ್ಲ” ಎಂದಿತು. ಅಸಲಿ ತಾಣದಲ್ಲಿ ಅರ್ಜಿ ತುಂಬಿ ಮುಗಿಯುವಾಗ ಸಂಜೆಯಾಗಿತ್ತು. ಹುಟ್ಟಿದ ದಿನಾಂಕ ಬರೆಯುವ ಜಾಗದಲ್ಲಿ ಗಂಗೋತ್ರಿಯ ಕೈ ಒಂದು ಗಳಿಗೆ ನಿಂತಿತ್ತಂತೆ.

ಅಂಜಿನಿ ಪಾಸಾದಳು. ತರಬೇತಿ ಮುಗಿಸಿ ಈಗ ಗೂಡ್ಸ್ ಗಾಡಿಗಳಲ್ಲಿ ಸಹಾಯಕಿ. ಕಳೆದ ತಿಂಗಳು ಫೋನ್ ಮಾಡಿ, ಕಲ್ಲಿದ್ದಲಿನ ಗಾಡಿ ಕುಡತಿನಿಯ ವಿದ್ಯುತ್ ಸ್ಥಾವರಕ್ಕೆ ತರುತ್ತಿದ್ದೇನೆ ಎಂದಳು. ಗಂಗೋತ್ರಿ ಕೆಲಸ ಬಿಟ್ಟು ಬಸ್ ಹತ್ತಿದರು. ಹಳಿಯ ಪಕ್ಕ ಎರಡು ತಾಸು ಕಾದರು.

“ಮುಖ ಕಾಣ್ಲಿಲ್ರಿ. ಕಿಟಕ್ಯಾಗ ಕೈ ಕಂಡ್ತು, ಅಷ್ಟ. ನೆಲ ಗಡಗಡ ಅಂತು.”

ಹೊಟ್ಟೆಕಿಚ್ಚಾಗಲಿಲ್ಲವೇ ಎಂದರೆ ಮುಚ್ಚಿಡುವುದಿಲ್ಲ. “ಆತ್ರಿ. ಗಾಡಿ ದಾಟಿದ ಮ್ಯಾಲ ಅತ್ತೆ. ಆದ್ರ ಅಕಿ ಕೈ ಬೀಸಿದಾಗ ನಾನೂ ಬೀಸಿದ್ನಲ್ಲ, ಆಗ ಅಳು ಇರಲಿಲ್ಲ.”

ಈಗ ಅವರಿಗೆ ಉಳಿದಿರುವುದು ಒಂದೇ ಆಸೆ. “ಮುಂದ ಅಂಜಿನಿ ಪ್ಯಾಸೆಂಜರ್ ಗಾಡಿ ಓಡಸ್ತಾಳ. ಅವತ್ತು ಟಿಕೆಟ್ ತಗಂಡು ಇಂಜಿನ್ ಹಿಂದಿನ ಡಬ್ಬ್ಯಾಗ ಕುಂದರ್ತೀನಿ. ಎಲ್ಲಿಗೆ ಅಂತ ಕೇಳಬ್ಯಾಡ್ರಿ. ಅಕಿ ಎಲ್ಲಿಗೆ ಕರ್ಕೊಂಡು ಹೋದ್ರ ಅಲ್ಲಿಗೆ.”